ಅಂಗೈಯ ಬಣ್ಣ

ಆ ಹುಡುಗಿಯನ್ನು ಕಂಡರೆ ನನಗೆ ಮೊದಲ ವಾರದಿಂದಲೇ ಆಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತು, ಪೆನ್ನನ್ನು ತುಟಿಗೆ ಒತ್ತಿಕೊಂಡು, ನಾನು ಹೇಳಿದ್ದಕ್ಕೆಲ್ಲ "ಯಾಕೆ?" ಎನ್ನುವವಳು. ಮೂವತ್ತು ವರ್ಷದಿಂದ ನೈರೋಬಿಯಲ್ಲಿ ಪಾಠ ಹೇಳುತ್ತಿದ್ದೇನೆ. ನೋಡಿದ್ದನ್ನೆಲ್ಲ ಪ್ರಶ್ನಿಸಿ ಎಂದು ಹೇಳಿಕೊಟ್ಟವಳೂ ನಾನೇ. ಒಬ್ಬಳು ಅದನ್ನು ನಿಜವಾಗಿ ಮಾಡತೊಡಗಿದಾಗ ಮಾತ್ರ ಮೈ ಉರಿಯಿತು.

ನನ್ನ ಕೋರ್ಸು ಟಿವಿಯ ಆರಂಭಕಾಲದ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳ ಬಗ್ಗೆ. ಬೋರ್ಡಿನ ಮೇಲೆ ಮೂರು ಮಾತು ಬರೆಯುತ್ತೇನೆ. ಪ್ರಕಾರ, ಅಂದರೆ ಕಥೆ ಯಾವ ವೇಷ ತೊಟ್ಟಿದೆ. ನಿರೂಪಣೆ, ಅಂದರೆ ಕ್ಯಾಮೆರಾ ಯಾರ ಪಕ್ಕ ನಿಂತಿದೆ. ಚಿತ್ರಣ, ಅಂದರೆ ಎದುರು ಪಕ್ಕದವರನ್ನು ಏನೆಂದು ತೋರಿಸಿದೆ. ಆಮೇಲೆ ಇಂಗ್ಲೆಂಡು, ಅಮೆರಿಕದ ಕಪ್ಪುಬಿಳುಪು ತುಣುಕುಗಳನ್ನು ಹಾಕಿ, ಬಾಹ್ಯಾಕಾಶ ಅನ್ನುತ್ತಾ ಇವರು ಮತ್ತೆ ಆಫ್ರಿಕಕ್ಕೇ ಬಂದಿಳಿಯುತ್ತಿದ್ದಾರೆ ನೋಡಿ, ಎಂದು ಗುಡುಗುತ್ತೇನೆ. ಬಿಳಿಯರನ್ನು ಬೈಯುವುದು ನನಗೆ ಸಲೀಸು. ಮಕ್ಕಳೂ ಖುಷಿಯಿಂದ ಬರೆದುಕೊಳ್ಳುತ್ತಾರೆ.

ಈ ಸಲ ಅವಳು ಕೈಯೆತ್ತಿದಳು. "ಇಂಡಿಯಾದವರು ಇಂಥದ್ದೇನೂ ಮಾಡಲಿಲ್ವಾ, ಪ್ರೊಫೆಸರ್?"

ಮಾಡಿದ್ದರು. ಬೆಂಗಳೂರಿನಲ್ಲಿ ಟಿವಿ ಇನ್ನೂ ಅಕ್ಕಪಕ್ಕದವರೆಲ್ಲ ಒಂದೇ ಮನೆಯಲ್ಲಿ ಕೂತು ನೋಡುವ ವಸ್ತುವಾಗಿದ್ದಾಗ, ನಮ್ಮ ಹವ್ಯಾಸಿ ನಾಟಕ ತಂಡ ಆರು ಕಂತಿನ ಕನ್ನಡ ಧಾರಾವಾಹಿಯೊಂದನ್ನು ಮಾಡಿತ್ತು. ವಿಜ್ಞಾನಿಗಳು ದೂರದ ಗ್ರಹವೊಂದಕ್ಕೆ ಹೋಗುವ ಕಥೆ. ನೌಕೆಯ ಗುಂಡಿಗಳೆಲ್ಲ ಹಳೆಯ ಇಸ್ತ್ರಿಪೆಟ್ಟಿಗೆಗಳಿಂದ ಕಿತ್ತವು. ಅದರ ಟೇಪು ನನ್ನ ಹತ್ತಿರ ಮಾತ್ರ ಉಳಿದಿತ್ತು. ಜಂಬ ತಡೆಯಲಾಗದೆ ಮುಂದಿನ ವಾರವೇ ಒಂದು ಕಂತನ್ನು ಕಂಪ್ಯೂಟರಿಗೆ ಹಾಕಿಸಿ ಕ್ಲಾಸಿನಲ್ಲಿ ತೋರಿಸಿದೆ. ದುಡ್ಡಿಲ್ಲದವರು ಎಂಥ ಕನಸು ಕಂಡಿದ್ದರು ನೋಡಿ ಎಂದು ಪೀಠಿಕೆ ಬೇರೆ ಹಾಕಿದೆ.

ವರ್ಷಗಟ್ಟಲೆ ಅದನ್ನು ನೋಡಿರಲಿಲ್ಲ. ನನಗೆ ನೆನಪಿದ್ದದ್ದು ನೌಕೆ ಮಾತ್ರ. ಹತ್ತನೇ ನಿಮಿಷಕ್ಕೆ ಗ್ರಹದ ಜನ ಬಂದರು. ಮೈಗೆಲ್ಲ ಮಸಿ, ತಲೆಗೆ ಗುಂಗುರು ಕೂದಲಿನ ಟೋಪನ್, ಸೊಂಟಕ್ಕೆ ಎಲೆ. ಮಾತಿಲ್ಲ, ಬರೀ ಕೂಗು. ಹಿಂದೆ ಯಾರೋ ಕಿಸಕ್ಕೆಂದರು. ನಾನು ಗಂಟಲು ಸರಿಮಾಡಿಕೊಂಡು "ಅದು ಆ ಕಾಲ" ಎಂದೆ. ಬಿಳಿಯರ ತುಣುಕುಗಳಿಗೆ ಯಾವತ್ತೂ ನಾನು ಆ ಮಾತು ಹೇಳಿದವಳಲ್ಲ.

ಅವಳು ತನ್ನ ಪ್ರಬಂಧಕ್ಕೆ ಅದೇ ಕಂತನ್ನು ಆರಿಸಿಕೊಂಡಳು.

ಅದನ್ನು ನಾನು ಓದಿದ್ದು ಹರ್ಲಿಂಗ್‌ಹ್ಯಾಮ್ ಬಡಾವಣೆಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಸರದಿ ಕಾಯುತ್ತಾ. ಪ್ರಕಾರ, ನಿರೂಪಣೆ ಎಲ್ಲ ಅಚ್ಚುಕಟ್ಟು. ಕ್ಯಾಮೆರಾ ಒಮ್ಮೆಯೂ ಗ್ರಹದವರ ಪಕ್ಕ ಹೋಗುವುದಿಲ್ಲ, ನೌಕೆಯ ಕಿಟಕಿಯಲ್ಲೇ ಇರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದಳು. ಕೊನೆಯ ಪುಟದಲ್ಲಿ ಹೀಗಿತ್ತು: ಗ್ರಹದವರು ಕೈಯೆತ್ತಿ ಶರಣಾದಾಗ ಅವರ ಅಂಗೈಗಳೂ ಕಪ್ಪಗಿವೆ. ನಮ್ಮ ಆಫ್ರಿಕದವರ ಅಂಗೈ ತಿಳಿಬಣ್ಣದ್ದು. ಈ ಬಣ್ಣ ಹಚ್ಚಿದವರು ಆಫ್ರಿಕದ ಒಬ್ಬರ ಕೈಯನ್ನೂ ಹಿಡಿದವರಲ್ಲ.

ನನ್ನ ಹೆಸರು ಕರೆದರು. ಕೌಂಟರಿನ ಹೆಂಗಸು ಸಹಿಗೆಂದು ಪೆನ್ನು ಚಾಚಿದಳು. ಅವಳ ಅಂಗೈ ನೋಡಲಾಗದೆ ಪೆನ್ನನ್ನಷ್ಟೇ ನೋಡಿದೆ.

ಬಣ್ಣ ಹಚ್ಚಿದವಳು ನಾನು. ಆಗ ನನಗೆ ಇಪ್ಪತ್ತೆರಡು. ಇದ್ದಿಲ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಬಳಿದಿದ್ದೆ. ನಿರ್ದೇಶಕರು, "ಅಂಗೈ ಬಿಡಮ್ಮ, ಯಾರ್ ನೋಡ್ತಾರೆ" ಅಂದಿದ್ದರು. ಅರ್ಧಂಬರ್ಧ ಕೆಲಸ ನನಗಾಗದು ಎಂದು ಹಟ ಹಿಡಿದು ಅಂಗೈಗೂ ಹಚ್ಚಿದೆ. ಅದಕ್ಕೆ ಎಲ್ಲರೂ ಹೊಗಳಿದ್ದರು.

ಅವಳ ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ಅರವತ್ತು ಅಂಕ ಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಲವತ್ತೆರಡು ಕೊಟ್ಟೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಊಹೆ ವಿಶ್ಲೇಷಣೆಯಲ್ಲ" ಎಂದು ಬರೆದೆ.

ಕಿಲಿಮಾನಿಯ ನಮ್ಮ ಫ್ಲ್ಯಾಟಿಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಕಕ್ಕಿಬಿಟ್ಟೆ. ಔಷಧಿ ಕಾರ್ಖಾನೆಯ ಮ್ಯಾನೇಜರು, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವ ಆಸಾಮಿಯಲ್ಲ.

"ಅವ್ಳು ಬರ್ದಿರೋದು ಸುಳ್ಳಾ?" ಅಂದರು.

"ಸುಳ್ಳಲ್ಲ."

"ಮತ್ತೆ ಯಾಕೆ ಇಷ್ಟ್ ಟೆನ್ಶನ್? ಮಾರ್ಕ್ಸ್ ಕೊಟ್ಟು ಕೈ ತೊಳ್ಕೋ. ಹೂ ವಿಲ್ ನೋ?"

ಕಂತಿನ ಕೊನೆಗೆ ಬರುವ ಹೆಸರುಪಟ್ಟಿ ಕನ್ನಡದಲ್ಲಿದೆ, ಇಲ್ಲಿ ಅದನ್ನು ಓದುವವರು ಯಾರು ಎಂಬ ಧೈರ್ಯ ನನಗೂ ಇತ್ತು. ಆದರೆ ಅಂಕ ತಿದ್ದಲಿಲ್ಲ. ಅವಳ ಮೇಲಿನ ಸಿಟ್ಟು ಹಾಗಿತ್ತು. ನನ್ನ ಕೈಯಲ್ಲಿದ್ದದ್ದು ಅದೊಂದೇ ಕೋಲು.

ಎರಡು ದಿನಕ್ಕೆ ಅವಳು ನನ್ನ ಕೋಣೆಗೆ ಬಂದಳು. ಮರುಮೌಲ್ಯಮಾಪನದ ಫಾರ್ಮನ್ನು ಮೇಜಿನ ಮೇಲಿಟ್ಟಳು.

"ಬೇರೆಯವರ ಉದ್ದೇಶ ನಿನಗೆ ಹೇಗೆ ಗೊತ್ತು?" ಎಂದೆ, ಕೂರಲೂ ಹೇಳದೆ.

"ಉದ್ದೇಶ ನಾನು ಬರೆದಿಲ್ಲ ಪ್ರೊಫೆಸರ್. ಕೈ ನೋಡಿ ಬರೆದೆ." ತನ್ನ ಅಂಗೈಯನ್ನು ಮೇಜಿನ ಮೇಲೆ ಮೇಲ್ಮುಖವಾಗಿಟ್ಟಳು. ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಕಂತಿನ ಕೊನೆಯ ಪರದೆಯ ಫೋಟೊ. ಕನ್ನಡ ಅಕ್ಷರಗಳ ಮೇಲೆಯೇ ಫೋನು ಇಂಗ್ಲಿಷ್ ಅನುವಾದ ಮೂಡಿಸಿತ್ತು. ಬಣ್ಣ ಎಂಬುದರ ಎದುರು ಒಂದು ಹೆಸರು. ಅದೇ ಹೆಸರು ನನ್ನ ಕೋಣೆಯ ಬಾಗಿಲಿನ ಮೇಲೂ ಇದೆ.

"ಯಾವಾಗ ನೋಡಿದೆ ಇದನ್ನ?"

"ಬರೆಯೋಕೆ ಮುಂಚೆ."

"ಮತ್ತೆ ಪ್ರಬಂಧದಲ್ಲಿ ಯಾಕೆ ಹಾಕಲಿಲ್ಲ?"

"ಮನುಷ್ಯರನ್ನು ಬಿಟ್ಟು ಚೌಕಟ್ಟನ್ನು ನೋಡಿ ಅಂತ ನೀವೇ ಕಲಿಸಿದ್ದು. ನಾನು ನಿಮ್ಮನ್ನು ಬಿಟ್ಟೆ. ನೀವು ನನ್ನನ್ನು ಬಿಡಲಿಲ್ಲ."

ಕೆನ್ನೆಗೆ ಬಾರಿಸಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಹೊರಗೆ ಹೋಗು ಎಂದು ಕಿರುಚಬೇಕೆನಿಸಿತು. ಬದಲಿಗೆ ಫಾರ್ಮನ್ನು ಹತ್ತಿರ ಎಳೆದುಕೊಂಡೆ. ಕೆಳಗೊಂದು ಕಾಲಂ ಇತ್ತು: ಪರೀಕ್ಷಕರಿಗೆ ಈ ವಿಷಯದೊಡನೆ ವೈಯಕ್ತಿಕ ಸಂಬಂಧವಿದ್ದರೆ ತಿಳಿಸಿ. ಇಷ್ಟು ವರ್ಷ ಅಲ್ಲಿ, ಇಲ್ಲ ಎನ್ನಲು, ಒಂದು ಗೆರೆ ಎಳೆದು ಸಹಿ ಹಾಕುವುದೇ ರೂಢಿ. ಫಾರ್ಮು ಡೀನ್ ಆಫೀಸಿಗೆ ಹೋಗುತ್ತದೆ. ಅಲ್ಲಿಂದ ಇಡೀ ವಿಭಾಗಕ್ಕೆ ಗೊತ್ತಾಗುತ್ತದೆ. ಬಿಳಿಯರ ಮೇಲೆ ಗುಡುಗುವ ಪ್ರೊಫೆಸರ್ ಮಸಿ ಕಲಸಿದವಳು ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರೆ. ಗೆರೆ ಎಳೆದರೆ ನಲವತ್ತೆರಡೇ ಉಳಿದು ಅವಳ ಓದು ಇಲ್ಲಿಗೇ ನಿಲ್ಲುತ್ತದೆ.

"ಈ ಧಾರಾವಾಹಿಯ ಕಲಾವಿದರಿಗೆ ಬಣ್ಣ ಹಚ್ಚಿದವಳು ನಾನು. ಈ ಪ್ರಬಂಧವನ್ನು ಬೇರೆಯವರು ನೋಡಲಿ" ಎಂದು ಇಂಗ್ಲಿಷಿನಲ್ಲಿ ಬರೆದು ಅವಳ ಕಡೆ ತಳ್ಳಿದೆ.

ಥ್ಯಾಂಕ್ಸ್ ಹೇಳುತ್ತಾಳೆ, ಕಣ್ಣು ತುಂಬಿಕೊಳ್ಳುತ್ತಾಳೆ ಎಂದೆಲ್ಲ ನನ್ನ ಹಾಳು ಮನಸ್ಸು ಕಾಯುತ್ತಿತ್ತು. ಅವಳು ನಿಂತಲ್ಲೇ ನಿಧಾನವಾಗಿ, ಎರಡು ಸಲ ಓದಿದಳು. ಹಾಳೆಯನ್ನು ಮತ್ತೆ ನನ್ನ ಮುಂದಿಟ್ಟು, ಪೆನ್ನನ್ನೂ ಎತ್ತಿ ಕೊಟ್ಟಳು.

"ಅಂಗೈಗೂ ಅಂತ ಸೇರಿಸಿ."

ಇವತ್ತಿಗೂ ಅವಳನ್ನು ಕಂಡರೆ ನನಗಾಗದು. ಸೇರಿಸಿದೆ.