ಮಫಿನ್ ನಿರಪರಾಧಿ!

ಫ್ರೆಂಡ್ಸ್, ಗೆದ್ದೆ! ಮದುವೆಯಾದ ಇಪ್ಪತ್ತಮೂರನೇ ದಿನ ಅತ್ತೆಯ ಎದುರು ನನ್ನ ಮೊದಲ ಗೆಲುವು, ಅದೂ ಹಾವಿನ ಹಿಕ್ಕೆಯಿಂದ!

ಇಂದು ಬೆಳಿಗ್ಗೆ ಗೂಡಿನಿಂದ ಮತ್ತೊಂದು ಕೋಳಿಮರಿ ಕಾಣೆಯಾಗಿತ್ತು. "ಎಲ್ಲ ನಿನ್ನ ಬೆಕ್ಕಿನದ್ದೇ ಕೆಲಸ. ಇವತ್ತೇ ಅದನ್ನು ಮಂಜೇಶ್ವರಕ್ಕೆ, ನಿನ್ನ ಅಮ್ಮನ ಮನೆಗೆ ಬಿಟ್ಟು ಬಾ," ಎಂದರು ಅತ್ತೆ. ತವರಿನಿಂದ ನನ್ನ ಜೊತೆ ಬಂದ ಮಫಿನ್! ಗಂಡ ಪ್ರಶಾಂತ್ ಆಗಲೇ ಬುಟ್ಟಿ ಹುಡುಕುತ್ತಿದ್ದರು. ದ್ರೋಹಿ!

ಅಳುತ್ತ ಗೂಡಿನ ಹಿಂದೆ ಹೋದರೆ ಕಟ್ಟಿಗೆ ರಾಶಿಯ ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಹಿಕ್ಕೆ. ತುದಿಯಲ್ಲಿ ಸುಣ್ಣದಂತಹ ಬಿಳಿ ಉಂಡೆ. ಕೋಲಿನಿಂದ ಬಿಡಿಸಿದೆ. ಒಳಗೆಲ್ಲ ಗರಿ!

"ಅತ್ತೆ, ಬೆಕ್ಕಿನದ್ದರಲ್ಲಿ ಈ ಬಿಳಿ ಎಲ್ಲಿ ಉಂಟು? ಹಾವು ಮೂತ್ರವನ್ನೂ ಹೀಗೆ ಗಟ್ಟಿಯಾಗಿಯೇ ಹಾಕುವುದು. ಅದಕ್ಕೆ ಎಲುಬು ಸಹ ಕರಗುತ್ತದೆ, ಗರಿ ಮಾತ್ರ ಕರಗುವುದಿಲ್ಲ."

"ಹಿಕ್ಕೆ ನೋಡಲಿಕ್ಕಾ ನಿನ್ನನ್ನು ಇಂಗ್ಲಿಷ್ ಮೀಡಿಯಂಗೆ ಕಳಿಸಿದ್ದು?"

ಪ್ರಶಾಂತ್ ಕಟ್ಟಿಗೆ ಸರಿಸಿದರು. ಹೊಟ್ಟೆಯ ನಡುವೆ ಕೋಳಿಮರಿಯಷ್ಟೇ ದಪ್ಪದ ಉಬ್ಬು ಹೊತ್ತ ಕೇರೆ ಹಾವು ನಿಧಾನವಾಗಿ ಬೇಲಿಯತ್ತ ಹರಿದುಹೋಯಿತು. ಅತ್ತೆ ಒಳಗೆ ಹೋಗಿ ಮಫಿನ್‌ಗೆ ಹಾಲು ತಂದಿಟ್ಟರು!

ಸಂಜೆ ಜಗಲಿಯಿಂದ ಅತ್ತೆಯ ಕರೆ ಬಂತು: "ಇಲ್ಲಿ ಬಾ ಮಾರಾಯ್ತಿ, ಇದು ಯಾರದ್ದು ನೋಡಿ ಹೇಳು."

ಬಗ್ಗಿ ನೋಡಿದೆ. ಹಲ್ಲಿಯದ್ದು. ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಹಾಕುವ ಅಧಿಕಾರ ನನಗಿನ್ನೂ ಸಿಕ್ಕಿಲ್ಲ. ಆದರೆ ಈ ವಿಭಾಗ ಇಂದಿನಿಂದ ಪೂರ್ತಿ ನನ್ನದೇ.