ಓದದ ಪುಸ್ತಕಕ್ಕೆ ನನ್ನ ಸಹಿ

ಮುಟ್ಟಿಯೂ ನೋಡದ ಪುಸ್ತಕವನ್ನು ಓದಿದ್ದೇನೆ ಎಂದು ನೀವು ಯಾವತ್ತಾದರೂ ಸಹಿ ಹಾಕಿದ್ದೀರಾ? ನಾನು ಹಾಕಿದ್ದೇನೆ. ಅರವತ್ತರ ದಶಕ, ಚೇಳೂರಿನ ಹತ್ತಿರದ ಸರ್ಕಾರಿ ಶಾಲೆ, ಏಳನೇ ಕ್ಲಾಸು.

ಸರ್ಕಾರದ ದುಡ್ಡಿನಲ್ಲಿ ನಮ್ಮ ಶಾಲೆಗೆ ಒಂದು ಬೀರು ತುಂಬ ಪುಸ್ತಕ ಬಂದಿತ್ತು. ಮೇಷ್ಟ್ರು ಅದಕ್ಕೆ ಬೀಗ ಜಡಿದಿದ್ದರು. ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಗೊತ್ತಾದ ದಿನ, ಪುಸ್ತಕ ಓದಿದಂತೆ ನಮ್ಮೆಲ್ಲರಿಂದ ರಿಜಿಸ್ಟರಿನಲ್ಲಿ ಸಹಿ ಮಾಡಿಸಿದರು.

"ಯಾರಾದ್ರೂ ಬಾಯ್ಬಿಟ್ರೆ ನನ್ ಕೆಲ್ಸ ಹೋಯ್ತದೆ ಕಣ್ರೋ."

ಇನ್‌ಸ್ಪೆಕ್ಟರು ನನ್ನನ್ನೇ ಕರೆದರು. ಬೀರುವಿನಿಂದ ಒಂದು ಕಥೆ ಪುಸ್ತಕ ತೆಗೆದು ತೋರಿಸಿದರು.

"ಇದನ್ನ ಓದಿದ್ಯೇನಮ್ಮ?"

"ಪೂರ್ತಿ ಓದಿದೀನಿ ಸಾರ್."

ಅವರು ಪುಸ್ತಕ ತೆರೆದು ಹಿಡಿದರು. ಪ್ರೆಸ್ಸಿನಲ್ಲಿ ಮಡಚಿದ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿಯೇ ಇರಲಿಲ್ಲ; ಹಾಳೆಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದು, ಒಳಗಿನ ಪುಟಗಳು ಕಾಣುತ್ತಲೇ ಇರಲಿಲ್ಲ.

"ಇರುವೆ ಥರ ಒಳಗ್ ನುಗ್ಗಿ ಓದಿದ್ಯಾ?"

ಮೇಷ್ಟ್ರ ಮುಖ ಬಿಳಚಿಕೊಂಡಿತು. "ಒಂದು ಹಾಳೆ ಹರಿದ್ರೂ ನನ್ ಸಂಬಳದಲ್ಲಿ ಹಿಡೀತಾರೆ ಸಾರ್, ಅದಕ್ಕೇ ಕೊಡ್ಲಿಲ್ಲ."

ಇನ್‌ಸ್ಪೆಕ್ಟರು ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. "ತಗೊಂಡೋಗು. ಮುಂದಿನ್ ಸಲ ಕಥೆ ಹೇಳ್ಬೇಕು. ಇಲ್ದಿದ್ರೆ ನಿಮ್ ಮೇಷ್ಟ್ರನ್ನ ಮನೆಗ್ ಕಳಿಸ್ತೀನಿ."

ಓದದಿದ್ದರೆ ಮೇಷ್ಟ್ರ ಕೆಲಸ ಹೋಗುತ್ತದೆ, ಹರಿದರೆ ಅವರ ಸಂಬಳ. ಆ ಭಯಕ್ಕೆ ನಾನು ಅಂಚು ಕತ್ತರಿಸಲೇ ಇಲ್ಲ. ಒಂದೊಂದು ಹಾಳೆಯನ್ನೂ ಮೆಲ್ಲಗೆ ಉಬ್ಬಿಸಿ, ಒಳಗೆ ಇಣುಕಿ ಓದಿದೆ. ಆ ವರ್ಷವೆಲ್ಲ ಗುಬ್ಬಿ ಬಸ್ಸಿನಿಂದ ಪ್ಯಾಂಟು ಹಾಕಿದವರು ಯಾರು ಇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಮನಸ್ಸಿನಲ್ಲೇ ಕಥೆ ಒಪ್ಪಿಸಿಕೊಳ್ಳುತ್ತಿದ್ದೆ. ಇನ್‌ಸ್ಪೆಕ್ಟರು ಮತ್ತೆ ಬರಲಿಲ್ಲ.

ಪುಸ್ತಕ ಕೊಳ್ಳಲು ದುಡ್ಡು ಕೊಟ್ಟ ಸರ್ಕಾರ, ಅದು ಹರಿಯುವುದಕ್ಕೂ ಒಂದಿಷ್ಟು ಇಟ್ಟಿದ್ದರೆ ಏನಾಗುತ್ತಿತ್ತು?

ನಿಮ್ಮ ಶಾಲೆಯ ಬೀರುವಿನ ಬೀಗದ ಕೈ ಯಾರ ಹತ್ತಿರ ಇತ್ತು? ಕೆಳಗೆ ಬರೆಯಿರಿ, ಒಂದನ್ನೂ ಬಿಡದೆ ಓದುತ್ತೇನೆ.