ಕಾರಿನ ಮುಂಗಾಲು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ‘ಕ್ಲಚ್ ಮೇಡಂ’ ಎಂದು. ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವಳಿಗೆ “ಕ್ಲಚ್, ಕ್ಲಚ್!” ಎಂದು ಕೂಗಿ ಕೂಗಿಯೇ ಆ ಹೆಸರು ಅಂಟಿಕೊಂಡಿತ್ತು. ಕಲಿಯುವವರ ಕೈಗೆ ಸಿಕ್ಕ ಕಾರಿನ ಪಾಡು ಕೇಳಬೇಕೇ? ಬ್ರೇಕ್ ಪ್ಯಾಡು, ಕ್ಲಚ್ ಕೇಬಲ್ಲು ಎಲ್ಲವನ್ನೂ ಅವಳೇ ಬದಲಿಸುತ್ತಿದ್ದಳು. ನೋಡಿ ಕಲಿ, ಮಾಡಿ ತಿಳಿ ಎನ್ನುವ ಜಾಯಮಾನ.

ಒಂದು ದಿನ ಹೊಸ ಶಿಷ್ಯ, ಔಷಧಿ ಅಂಗಡಿಯವನು, ಬ್ರೇಕ್ ಎಂದು ಆಕ್ಸಿಲರೇಟರ್ ತುಳಿದು ಕಾರನ್ನು ಫುಟ್‌ಪಾತಿನ ಮೇಲೇರಿಸಿಬಿಟ್ಟ. ಅಂದಿನಿಂದ ಸಣ್ಣ ಗುಂಡಿ ಸಿಕ್ಕರೂ ಮುಂದೆ ಎಡಗಡೆ ‘ಧಡ್’ ಎನ್ನುತ್ತಿತ್ತು. ಬಗ್ಗಿ ನೋಡಿದರೆ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದೆ, ಸ್ಪ್ರಿಂಗಿನ ತುದಿ ಮುರಿದಿದೆ.

“ಗ್ಯಾರೇಜಿಗೆ ಬಿಡೋಣ ಕಣೇ. ಅದು ಕಾರಿನ ಕಾಲು,” ಅಂದ ಗಂಡ.

“ಕಾಲು ಹೋದ್ರೆ ಬೇರೆ ಕಾಲು ಹಾಕೋದು. ಅತ್ತೆಗೆ ಹೊಸ ಮಂಡಿ ಹಾಕ್ಸಿಲ್ವಾ?”

“ಅದನ್ನ ಹಾಕಿದ್ದು ಡಾಕ್ಟ್ರು, ಸದ್ಯ ನೀನಲ್ಲ!” ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಧೈರ್ಯವಿದ್ದರೂ ಅವಳಿಗೆ ಹುಂಬತನವಿರಲಿಲ್ಲ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಮುಖ ಮೂತಿ ನೋಡುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಕೂಡಿಸಿಯೇ ಬರುವ ಶಾಕ್ ಅಬ್ಸಾರ್ಬರನ್ನು ತಂದಳು, ಅದೂ ಜೋಡಿ. ಒಂದು ಕಡೆ ಮಾತ್ರ ಹೊಸದಾದರೆ ಕಾರು ಕುಂಟುತ್ತದೆ.

ರಜೆಯ ದಿನ ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕಾರಿನಡಿ ಗಟ್ಟಿ ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿದಳು. ಕೆಳಗಿನ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಗ್ಯಾರೇಜಿಗೆ ಫೋನ್ ಮಾಡ್ಲಾ?” ಗಂಡ ಬಾಗಿಲಲ್ಲಿ ಇಣುಕಿದ.

“ಫೋನ್ ಇರ್ಲಿ ರೀ, ಆ ಕಬ್ಬಿಣದ ಪೈಪ್ ಕೊಡಿ.”

ತುಕ್ಕಿಗೆ ಎಣ್ಣೆ ಕುಡಿಸಿ, ಅದು ಇಳಿಯುವಷ್ಟು ಹೊತ್ತು ಕಾಫಿ ಕುಡಿದು ಬಂದಳು. ಸ್ಪ್ಯಾನರಿನ ಹಿಡಿಗೆ ಪೈಪ್ ತೊಡಿಸಿ ಮೈಭಾರ ಬಿಟ್ಟಳು. ‘ಕರ್ರ್’ ಎಂದು ಬೋಲ್ಟು ತಿರುಗಿತು. ಗಂಡ ಹಳೆಯದನ್ನು ಇಳಿಸಲು ಕೈಜೋಡಿಸಿದ. ಮುಗಿದದ್ದೇ ಸ್ನಾನಕ್ಕೆ ಓಡಿದ.

ಹೊಸದನ್ನು ಕೂರಿಸಲು ಇಬ್ಬರು ಬೇಕಿತ್ತು. ಕೆಳಗಿನಿಂದ ಒಬ್ಬರು ಎತ್ತಿ ಹಿಡಿಯಬೇಕು, ಬಾನೆಟ್ಟಿನೊಳಗೆ ತೂರಿಬರುವ ಮೂರು ಬೋಲ್ಟಿಗೆ ಇನ್ನೊಬ್ಬರು ನಟ್ಟು ಹಾಕಬೇಕು.

“ಅತ್ತೆ, ಸ್ವಲ್ಪ ಬರ್ತೀರಾ?”

ಅತ್ತೆ ಸೆರಗು ಬಿಗಿದುಕೊಂಡು ಬಂದವರೇ ಎಂಜಿನ್ನಿನ ಮೇಲೆ ಬಾಗಿದರು. “ಎತ್ತು... ಇನ್ನೂ ಎತ್ತು... ಕಂಡ್ವು ಕಣೇ! ಮೂರೂ ತಲೆ ಹಾಕಿದ್ವು!”

“ಬೇಗ ನಟ್ಟು ಹಾಕಿ ಅತ್ತೆ, ಕೈ ಬಿದ್ದೋಗ್ತಿದೆ!”

“ಹಾಕ್ದೆ, ಬಿಡು. ನಲವತ್ತು ವರ್ಷ ಹೊಲಿಗೆ ಮೆಷಿನ್ ಬಿಚ್ಚಿ ಕಟ್ಟಿದ ಕೈ ಇದು.”

ಬಲಗಡೆಯದು ನೀರು ಕುಡಿದಷ್ಟು ಸಲೀಸಾಯಿತು.

ಮಧ್ಯಾಹ್ನ ಅತ್ತೆಯನ್ನೂ ಕೂರಿಸಿಕೊಂಡು ಚಕ್ರದ ಅಲೈನ್‌ಮೆಂಟ್ ಮಾಡಿಸಲು ಹೊರಟಳು. ಗುಂಡಿಗಳ ಮೇಲೆ ಕಾರು ತುಟಿಪಿಟಿಕ್ ಎನ್ನಲಿಲ್ಲ. ಅಲ್ಲಿನ ಮೆಕ್ಯಾನಿಕ್ ಅಡಿಯಿಂದ ಟಾರ್ಚ್ ಬಿಟ್ಟು ನೋಡಿ, “ಕೂರಿಸಿರೋದು ಗಟ್ಟಿಯಾಗಿದೆ. ಯಾರು ಮಾಡಿದ್ದು?” ಎಂದ.

“ನಾನೂ ನಮ್ಮತ್ತೆನೂ.”

ಅವನು ನಕ್ಕ. ಅತ್ತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು: “ನಗ್ಬೇಡಪ್ಪಾ, ಮೇಲಿನ ಆರೂ ನಟ್ಟು ನಂದೇ. ಬೇಕಾದ್ರೆ ಅಲ್ಲಾಡ್ಸಿ ನೋಡು.”